ಮ್ಯಾಜಿಸ್ಟ್ರೇಟರ ಎರಡು ಕಚೇರಿಗಳು

ಶಾಲೆಯ ಮೇಷ್ಟ್ರು, ಗಾರೆ ಕೆಲಸದ ಮೇಸ್ತ್ರಿ, ಕೋರ್ಟಿನ ಮ್ಯಾಜಿಸ್ಟ್ರೇಟ್, ಈ ಮೂವರೂ ಒಂದೇ ಮನೆತನದವರು. ಲ್ಯಾಟಿನ್ ಭಾಷೆಯ ‘ಮಗಿಸ್ತೆರ್’ ಎಂಬ ಪದ ಮೂವರಿಗೂ ಮೂಲ. ಅದು ಫ್ರೆಂಚಿನ ಹಾದಿಯಲ್ಲಿ ಇಂಗ್ಲಿಷಿಗೆ ಬಂದು ಮಾಸ್ಟರ್ ಆಯಿತು, ನಮ್ಮ ಬಾಯಲ್ಲಿ ಮೇಷ್ಟ್ರಾಯಿತು. ಪೋರ್ಚುಗೀಸರ ‘ಮೆಸ್ತ್ರೆ’ ಹಡಗಿನಿಂದ ಇಳಿದು ಮೇಸ್ತ್ರಿಯಾಯಿತು. ಮೂರನೆಯದು ಮಾತ್ರ ತನ್ನ ಹಳೆಯ ಗತ್ತನ್ನು ಬಿಡದೆ, ಉದ್ದ ಹೆಸರಿನೊಂದಿಗೇ ಉಳಿದುಕೊಂಡಿತು.

ಮಗಿಸ್ ಎಂದರೆ ‘ಹೆಚ್ಚು’. ಮಗಿಸ್ತೆರ್ ಎಂದರೆ ಹೆಚ್ಚಿನವನು, ಮೇಲಿನವನು. ಇದರ ಎದುರು ಜೋಡಿ ‘ಮಿನುಸ್’, ಅಂದರೆ ಕಡಿಮೆ. ಅದರಿಂದ ಹುಟ್ಟಿದ ಮಿನಿಸ್ತೆರ್ ಎಂಬವನು ಕೆಳಗಿನವನು, ಸೇವೆ ಮಾಡುವವನು. ಇಂದಿನ ಮಿನಿಸ್ಟರ್ ಎಂಬ ಪದ ಬಂದದ್ದು ಅಲ್ಲಿಂದ. ಮಗಿಸ್ ಪದದ ಬೇರನ್ನು ಇನ್ನೂ ಕೆಳಕ್ಕೆ ಅಗೆದರೆ ಸಂಸ್ಕೃತದ ‘ಮಹತ್’ ಸಿಗುತ್ತದೆ, ಗ್ರೀಕರ ‘ಮೆಗಾಸ್’ ಸಿಗುತ್ತದೆ. ಮೇಯರ್, ಮೇಜರ್ ಎಂಬ ಹೆಸರುಗಳೂ ಅದೇ ಬೇರಿನ ಕವಲುಗಳು. ಕನ್ನಡ ಶಾಸನಗಳಲ್ಲಿ ಅಗ್ರಹಾರದ ವ್ಯವಹಾರ ನೋಡಿಕೊಳ್ಳುತ್ತಿದ್ದ ‘ಮಹಾಜನರು’ ಕೂಡ, ಪದದ ಲೆಕ್ಕದಲ್ಲಿ, ರೋಮಿನ ಅಧಿಕಾರಿಗಳಿಗೆ ದೂರದ ನೆಂಟರು.

ಮಗಿಸ್ತೆರ್‌ನಿಂದ ‘ಮಗಿಸ್ತ್ರಾತುಸ್’ ಬಂತು. ರೋಮನ್ನರಿಗೆ ಇದು ಹುದ್ದೆಯ ಹೆಸರೂ ಹೌದು, ಹುದ್ದೆಯಲ್ಲಿ ಕೂತವನ ಹೆಸರೂ ಹೌದು. ಆದರೆ ಅವನು ನ್ಯಾಯಾಧೀಶನಾಗಿರಲಿಲ್ಲ. ಜನ ಚುನಾಯಿಸಿದ ಅಧಿಕಾರಿಗಳೆಲ್ಲರಿಗೂ ಆ ಹೆಸರು ಸಲ್ಲುತ್ತಿತ್ತು. ಯುದ್ಧಕ್ಕೆ ದಂಡು ನಡೆಸುವ ಕಾನ್ಸಲ್ ಒಬ್ಬ ಮ್ಯಾಜಿಸ್ಟ್ರೇಟ್. ಖಜಾನೆ ನೋಡುವ ಕ್ವೆಸ್ಟರ್, ಪೇಟೆಯ ತೂಕ, ಅಳತೆ, ಬೀದಿಗಳನ್ನು ನೋಡುವ ಈಡೈಲ್, ಜನಗಣತಿ ಮಾಡುವ ಸೆನ್ಸಾರ್ ಎಲ್ಲರೂ ಮ್ಯಾಜಿಸ್ಟ್ರೇಟರೇ. ನ್ಯಾಯದ ಹೊಣೆ ಹೊತ್ತ ಪ್ರೇಟರ್ ಈ ಸಾಲಿನಲ್ಲಿ ತಡವಾಗಿ ಬಂದವನು. ಅವನ ಹುದ್ದೆ ಹುಟ್ಟಿದ್ದು ಕ್ರಿ.ಪೂ. 367ರ ಶಾಸನದಿಂದ.

ರಾಜರನ್ನು ಓಡಿಸಿದ ಮೇಲೆ ರೋಮನ್ನರಿಗೆ ಕಾಡಿದ ಭಯ ಒಂದೇ. ಒಬ್ಬನ ಕೈಗೆ ಅಧಿಕಾರ ಕೊಟ್ಟರೆ ಅವನು ಮತ್ತೆ ರಾಜನಾಗಿಬಿಟ್ಟಾನು. ಅದಕ್ಕೆ ಅವರು ಹೆಚ್ಚಿನ ಹುದ್ದೆಗಳ ಅವಧಿಯನ್ನು ಒಂದು ವರ್ಷಕ್ಕೆ ಕಟ್ಟಿಹಾಕಿದರು. ಒಂದೇ ಹುದ್ದೆಗೆ ಒಬ್ಬನಿಗಿಂತ ಹೆಚ್ಚು ಜನರನ್ನು ನೇಮಿಸಿ, ಒಬ್ಬನ ಆದೇಶವನ್ನು ಸರೀಕನಾದ ಇನ್ನೊಬ್ಬ ತಡೆಯಬಹುದು ಎಂದರು. ಸಂಬಳ ಕೊಡಲಿಲ್ಲ. ಅವಧಿ ಮುಗಿದ ಮರುದಿನವೇ ಅವನ ಮೇಲೆ ಮೊಕದ್ದಮೆ ಹೂಡಲು ದಾರಿ ಬಿಟ್ಟರು. ಹೀಗೆ ಅಧಿಕಾರವನ್ನೂ ಅದಕ್ಕೆ ಹಾಕುವ ಮೂಗುದಾರವನ್ನೂ ಒಟ್ಟಿಗೇ ಯೋಚಿಸಿದ್ದು ನನಗೆ ರೋಮಿನ ದೊಡ್ಡ ಕಾಣಿಕೆಯಾಗಿ ಕಾಣುತ್ತದೆ.

ಪ್ರೇಟರ್ ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವರ್ಷದ ಮೊದಲಿಗೆ ಅವನು, ತಾನು ಯಾವ ಯಾವ ತಕರಾರುಗಳನ್ನು ಕೈಗೆತ್ತಿಕೊಳ್ಳುತ್ತೇನೆ, ಯಾವುದಕ್ಕೆ ಯಾವ ಪರಿಹಾರ ಕೊಡುತ್ತೇನೆ ಎಂಬುದನ್ನು ಬಿಳಿ ಬಳಿದ ಹಲಗೆಯ ಮೇಲೆ ಬರೆಸಿ ಫೋರಮ್ಮಿನಲ್ಲಿ ನಿಲ್ಲಿಸುತ್ತಿದ್ದ. ಯಾರು ಬೇಕಾದರೂ ಓದಬಹುದಿತ್ತು. ಕೆಲವು ಪ್ರೇಟರುಗಳು ನಡುವರ್ಷದಲ್ಲಿ ಮಾತು ಬದಲಿಸತೊಡಗಿದಾಗ, ಅವರವರ ಪ್ರಕಟಣೆಗೆ ಅವರವರೇ ಬದ್ಧರಾಗಿರಬೇಕೆಂದು ಕ್ರಿ.ಪೂ. 67ರಲ್ಲಿ ಕಾನೂನೇ ಬಂತು. ವ್ಯಾಜ್ಯ ಬಂದಾಗ ಪ್ರೇಟರ್ ತೀರ್ಪು ಹೇಳುತ್ತಿರಲಿಲ್ಲ. ಉಭಯ ಪಕ್ಷಗಳ ಮಾತು ಕೇಳಿ, ತಕರಾರಿನ ತಿರುಳನ್ನು ಒಂದೆರಡು ವಾಕ್ಯದಲ್ಲಿ ಗೊತ್ತುಮಾಡಿ, ಸಾಕ್ಷಿ ಕೇಳಿ ತೀರ್ಮಾನಿಸುವ ಕೆಲಸವನ್ನು ಒಬ್ಬ ಖಾಸಗಿ ನಾಗರಿಕನಿಗೆ ಒಪ್ಪಿಸುತ್ತಿದ್ದ. ಆ ನಾಗರಿಕನ ಹೆಸರು ‘ಯೂದೆಕ್ಸ್’, ಇಂದಿನ ‘ಜಡ್ಜ್’ ಪದದ ಮೂಲ. ಅಂದರೆ ಮ್ಯಾಜಿಸ್ಟ್ರೇಟ್ ಮತ್ತು ಜಡ್ಜ್ ಎಂಬ ಎರಡು ಪದಗಳು ಹುಟ್ಟುವಾಗಲೇ ಬೇರೆ ಬೇರೆ ಮನುಷ್ಯರನ್ನು ಸೂಚಿಸುತ್ತಿದ್ದವು.

ಹಿರಿಯ ಮ್ಯಾಜಿಸ್ಟ್ರೇಟ್ ಬೀದಿಯಲ್ಲಿ ನಡೆದರೆ ಮುಂದೆ ಲಿಕ್ಟರ್ ಎಂಬ ಸೇವಕರು ನಡೆಯುತ್ತಿದ್ದರು. ಕಾನ್ಸಲನಿಗೆ ಹನ್ನೆರಡು ಮಂದಿ. ಅವರ ಹೆಗಲ ಮೇಲೆ ಬೆತ್ತಗಳ ಕಟ್ಟು, ಕಟ್ಟಿನ ನಡುವೆ ಕೊಡಲಿ. ಬೆತ್ತ ಹೊಡೆಯಲು, ಕೊಡಲಿ ತಲೆ ತೆಗೆಯಲು. ಆದರೆ ರೋಮ್ ನಗರದ ಗಡಿಯೊಳಗೆ ಬರುವಾಗ ಕೊಡಲಿಯನ್ನು ತೆಗೆದಿಡಬೇಕಿತ್ತು. ನಾಗರಿಕನ ಜೀವ ತೆಗೆಯುವ ಅಧಿಕಾರ ಮ್ಯಾಜಿಸ್ಟ್ರೇಟನೊಬ್ಬನದಲ್ಲ, ಶಿಕ್ಷೆಗೊಳಗಾದ ನಾಗರಿಕ ಜನಸಭೆಗೆ ಮೊರೆ ಹೋಗಬಹುದು ಎಂಬುದರ ಗುರುತು ಅದು.

ಈ ಹಕ್ಕಿನ ತೂಕ ಎಷ್ಟಿತ್ತೆಂಬುದಕ್ಕೆ ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಒಂದು ಪ್ರಸಂಗವಿದೆ. ಫಿಲಿಪ್ಪಿ ಎಂಬ ರೋಮನ್ ವಸಾಹತಿನಲ್ಲಿ ಪೌಲ ಮತ್ತು ಸೀಲರನ್ನು ಗುಂಪೊಂದು ಎಳೆದುತಂದಾಗ, ಊರಿನ ಮ್ಯಾಜಿಸ್ಟ್ರೇಟರು ವಿಚಾರಣೆಯಿಲ್ಲದೆ ಬೆತ್ತದಿಂದ ಹೊಡೆಸಿ ಸೆರೆಗೆ ತಳ್ಳಿದರು. ಬೆಳಗಾದ ಮೇಲೆ, ಸದ್ದಿಲ್ಲದೆ ಹೊರಟುಹೋಗಲಿ ಎಂದು ಹೇಳಿಕಳಿಸಿದರು. ಪೌಲ ಹೊರಡಲಿಲ್ಲ. ನಾವು ರೋಮಿನ ನಾಗರಿಕರು, ವಿಚಾರಣೆ ಇಲ್ಲದೆ ಬಹಿರಂಗವಾಗಿ ಹೊಡೆಸಿದ್ದೀರಿ, ಈಗ ನೀವೇ ಬಂದು ಹೊರಗೆ ಕರೆದೊಯ್ಯಿರಿ ಎಂದು ಪಟ್ಟು ಹಿಡಿದ. ಮ್ಯಾಜಿಸ್ಟ್ರೇಟರು ಹೆದರಿ ತಾವೇ ಬಂದರು. ವಿಚಾರಣೆಗೆ ಮುಂಚೆ ಶಿಕ್ಷೆ ಕೂಡದು ಎಂಬ ಮಾತು ಇಷ್ಟು ಹಳೆಯದು.

ಸಾಮ್ರಾಜ್ಯ ಬಂದ ಮೇಲೆ ರೋಮಿನ ಮ್ಯಾಜಿಸ್ಟ್ರೇಟ್ ಬರೀ ಅಲಂಕಾರವಾದ. ಹೆಸರು ಮಾತ್ರ ಯುರೋಪಿನ ಊರೂರಿಗೆ ಹಬ್ಬಿತು, ಒಂದೊಂದು ಕಡೆ ಒಂದೊಂದು ಅರ್ಥ ಪಡೆಯಿತು. ಅಮೆರಿಕದಲ್ಲಿ ಅಧ್ಯಕ್ಷನನ್ನೇ ಬಹುಕಾಲ ‘ಚೀಫ್ ಮ್ಯಾಜಿಸ್ಟ್ರೇಟ್’ ಎನ್ನುತ್ತಿದ್ದರು. ಅದೇ ದೇಶದಲ್ಲಿ 1968ರ ಕಾಯ್ದೆ ಫೆಡರಲ್ ಜಿಲ್ಲಾ ನ್ಯಾಯಾಲಯಗಳಿಗೆ ನೆರವಾಗುವ ಅಧಿಕಾರಿಗಳಿಗೆ ಆ ಹೆಸರಿಟ್ಟಿತು. 1990ರಲ್ಲಿ ಅವರನ್ನು ‘ಮ್ಯಾಜಿಸ್ಟ್ರೇಟ್ ಜಡ್ಜ್’ ಎಂದು ಕರೆಯತೊಡಗಿದರು. ಚೀನಾದ ಚಕ್ರವರ್ತಿಗಳ ಕಾಲದಲ್ಲಿ ಕಂದಾಯ ಎತ್ತಿ, ಕಳ್ಳರನ್ನು ಹಿಡಿಸಿ, ವಿಚಾರಣೆಯನ್ನೂ ತಾನೇ ನಡೆಸುತ್ತಿದ್ದ ಕೌಂಟಿ ಅಧಿಕಾರಿಗೆ ಇಂಗ್ಲಿಷರು ಇಟ್ಟ ಹೆಸರೂ ಮ್ಯಾಜಿಸ್ಟ್ರೇಟ್. ಅಲ್ಲಿಯ ಜನ ಅವನನ್ನು ‘ತಾಯಿತಂದೆಯಂಥ ಅಧಿಕಾರಿ’ ಎನ್ನುತ್ತಿದ್ದರು.

ಫ್ರಾನ್ಸ್ ಮತ್ತು ಇಟಲಿಯ ಅರ್ಥ ನಮ್ಮ ಪತ್ರಿಕೆ ಓದುಗರನ್ನು ಹೆಚ್ಚು ಗಲಿಬಿಲಿಗೊಳಿಸುವಂಥದ್ದು. ಅಲ್ಲಿ ನ್ಯಾಯಾಧೀಶರೂ ಮ್ಯಾಜಿಸ್ಟ್ರೇಟರು, ಸರ್ಕಾರದ ಪರ ಮೊಕದ್ದಮೆ ನಡೆಸುವ ಅಭಿಯೋಜಕರೂ ಮ್ಯಾಜಿಸ್ಟ್ರೇಟರು. ಫ್ರೆಂಚರು ಮೊದಲಿನವರನ್ನು ಕೂತ ಮ್ಯಾಜಿಸ್ಟ್ರೇಟರು, ಎರಡನೆಯವರನ್ನು ನಿಂತ ಮ್ಯಾಜಿಸ್ಟ್ರೇಟರು ಎನ್ನುತ್ತಾರೆ. ಇಬ್ಬರಿಗೂ ಬೋರ್ಡೋ ನಗರದ ಒಂದೇ ಶಾಲೆಯಲ್ಲಿ ತರಬೇತಿ. 1992ರ ಮೇ ಮತ್ತು ಜುಲೈನಲ್ಲಿ ಸಿಸಿಲಿಯ ಮಾಫಿಯಾ ಬಾಂಬಿಟ್ಟು ಕೊಂದ ಜೊವಾನಿ ಫಾಲ್ಕೋನೆ ಮತ್ತು ಪಾವೊಲೊ ಬೊರ್ಸೆಲ್ಲಿನೊ ಅವರನ್ನು ಸುದ್ದಿಸಂಸ್ಥೆಗಳು ‘ಮ್ಯಾಜಿಸ್ಟ್ರೇಟರು’ ಎಂದು ಬರೆದವು. ಅವರು ತೀರ್ಪು ಬರೆದು ಹೆಸರಾದವರಲ್ಲ. ಬ್ಯಾಂಕಿನ ಚೆಕ್ಕುಗಳ ಜಾಡು ಹಿಡಿದು, ಮಾಫಿಯಾದ ಒಳಗಿನವರ ಬಾಯಿ ಬಿಡಿಸಿ, ಪಲೆರ್ಮೊದಲ್ಲಿ 1986ರಲ್ಲಿ ಶುರುವಾದ ಮಹಾ ವಿಚಾರಣೆಗೆ ಪುರಾವೆ ಕಟ್ಟಿಕೊಟ್ಟ ತನಿಖಾ ಮ್ಯಾಜಿಸ್ಟ್ರೇಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ತನಿಖಾಧಿಕಾರಿಯ ಕೆಲಸ, ನ್ಯಾಯಾಂಗದ ಸ್ವಾತಂತ್ರ್ಯ.

ನಮಗೆ ಪದ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1361ರಲ್ಲಿ, ಮೂರನೇ ಎಡ್ವರ್ಡನ ಕಾಲದಲ್ಲಿ, ಒಂದು ಕಾಯ್ದೆಯಾಯಿತು. ಪ್ರತಿ ಕೌಂಟಿಯಲ್ಲೂ ಊರ ಗಣ್ಯರಲ್ಲಿ ಕೆಲವರನ್ನು ‘ಶಾಂತಿಪಾಲಕ ನ್ಯಾಯಾಧಿಕಾರಿ’ಗಳಾಗಿ ನೇಮಿಸಬೇಕು, ಪುಂಡರನ್ನು ಅವರು ಹಿಡಿಸಿ ದಂಡಿಸಬೇಕು, ಮತ್ತು ಒಳ್ಳೆಯ ಹೆಸರಿಲ್ಲದವರಿಂದ ಮುಂದೆ ಒಳ್ಳೆಯ ನಡತೆಯಲ್ಲಿರುವುದಾಗಿ ಜಾಮೀನು ತೆಗೆದುಕೊಳ್ಳಬೇಕು. ಸಂಬಳವಿಲ್ಲ, ಕಾನೂನು ಓದಿರಬೇಕೆಂಬ ನಿಯಮವೂ ಇಲ್ಲ. ಜಮೀನ್ದಾರರು, ಪಾದ್ರಿಗಳು ಈ ಪದವಿಗೆ ಬಂದರು. ಸೇತುವೆ, ರಸ್ತೆ, ಹೆಂಡದಂಗಡಿಯ ಪರವಾನಗಿ, ಬಡವರ ಪರಿಹಾರ, ಕಳ್ಳತನದ ವಿಚಾರಣೆ ಎಲ್ಲ ಅವರದೇ. ಇಂಗ್ಲಿಷ್ ಹಳ್ಳಿಗಾಡನ್ನು ಶತಮಾನಗಳ ಕಾಲ ಆಳಿದವರು ಅವರು.

ಆಳುವವನೇ ದಂಡಿಸುವವನೂ ಆದಾಗ ಏನಾಗುತ್ತದೆ ಎಂಬುದು 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನಲ್ಲಿ ಕಂಡಿತು. ಸಂಸತ್ತಿನಲ್ಲಿ ತಮಗೂ ಪ್ರಾತಿನಿಧ್ಯ ಬೇಕೆಂದು ಸುಮಾರು 60,000 ಜನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದ್ದರು. ಪಕ್ಕದ ಮನೆಯೊಂದರ ಕಿಟಕಿಯಿಂದ ನೋಡುತ್ತಿದ್ದ ಮ್ಯಾಜಿಸ್ಟ್ರೇಟರು ಭಾಷಣಕಾರರನ್ನು ಹಿಡಿಯಲು ಹುಕುಂ ಮಾಡಿದರು. ಕತ್ತಿ ಹಿರಿದ ಕುದುರೆ ಸವಾರರು ಜನರ ಮೇಲೆ ನುಗ್ಗಿದರು. ಕನಿಷ್ಠ 15 ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಇಂಗ್ಲೆಂಡು ನಿಧಾನವಾಗಿ ಈ ಹುದ್ದೆಯ ಆಡಳಿತದ ಭಾಗವನ್ನು ಕಿತ್ತು ಪೊಲೀಸರಿಗೆ, ಚುನಾಯಿತ ಕೌನ್ಸಿಲುಗಳಿಗೆ ಕೊಟ್ಟಿತು. 1919ರ ಕೊನೆಯ ದಿನ ಏಡಾ ಸಮರ್ಸ್ ಅಲ್ಲಿಯ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್ ಆಗಿ ಪ್ರಮಾಣ ಮಾಡಿದರು. ಇಂದಿಗೂ ಇಂಗ್ಲೆಂಡಿನ ಕ್ರಿಮಿನಲ್ ಪ್ರಕರಣಗಳಲ್ಲಿ ಬಹುಪಾಲು ಮುಗಿಯುವುದು ಸಂಬಳವಿಲ್ಲದ, ವಕೀಲರಲ್ಲದ ಮ್ಯಾಜಿಸ್ಟ್ರೇಟರ ಮುಂದೆ. ಆದರೆ ಅವರ ಕೆಲಸ ಈಗ ನ್ಯಾಯ ಮಾತ್ರ. ಆಳುವುದು ಹೋಯಿತು.

ಇನ್ನು ನಮ್ಮ ಕಡೆಗೆ ಬರೋಣ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಂದಾಯ ಎತ್ತುವ ಕಲೆಕ್ಟರನ ಕೈಯಿಂದ ನ್ಯಾಯದ ಅಧಿಕಾರವನ್ನು ತೆಗೆದು ಬೇರೆ ಜಡ್ಜಿಗೆ ಕೊಟ್ಟ. ಕಂದಾಯ ಕೇಳುವವನೇ ಕಂದಾಯದ ಅನ್ಯಾಯಕ್ಕೆ ತೀರ್ಪುಗಾರನಾಗಬಾರದು ಎಂಬುದು ಅವನ ವಾದ. ಅದನ್ನು ದಕ್ಷಿಣದಲ್ಲಿ ತಿರುಗಿಸಿದವನು ಥಾಮಸ್ ಮನ್ರೋ. ಟಿಪ್ಪು ಸತ್ತ 1799ರಲ್ಲಿ ಅವನು ಕೆನರಾದ ಕಲೆಕ್ಟರ್ ಆಗಿ ಬಂದವನು. ಮರುವರ್ಷದಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಲ್ಲಿ ಇದ್ದವನು. ಡೇರೆ ಹಾಕಿಕೊಂಡು ಊರೂರು ಸುತ್ತಿ ರೈತರೊಂದಿಗೆ ನೇರವಾಗಿ ಕಂದಾಯ ಗೊತ್ತುಮಾಡಿದವನಿಗೆ, ದೂರದ ಊರಲ್ಲಿ ಕೂತ ಜಡ್ಜಿಗಿಂತ ಕಲೆಕ್ಟರನಿಗೇ ಜನರ ಕಷ್ಟ ಗೊತ್ತು ಎಂಬ ನಂಬಿಕೆ ಬಲವಾಯಿತು. ಅವನ ಶಿಫಾರಸಿನಂತೆ 1816ರಲ್ಲಿ ಮದ್ರಾಸ್ ಸರ್ಕಾರ ಮ್ಯಾಜಿಸ್ಟ್ರೇಟರ ಅಧಿಕಾರ, ಪೊಲೀಸಿನ ಮೇಲ್ವಿಚಾರಣೆ ಎರಡನ್ನೂ ಕಲೆಕ್ಟರನಿಗೆ ಕೊಟ್ಟಿತು. ಮಂಗಳೂರು, ಬಳ್ಳಾರಿಗಳ ಕನ್ನಡ ಜನ ‘ಕಲೆಕ್ಟರ್ ಮತ್ತು ಮ್ಯಾಜಿಸ್ಟ್ರೇಟ್’ ಎಂಬ ಜೋಡಿ ಪದವಿಯನ್ನು ಕಂಡದ್ದು ಆಗ. ಮನ್ರೋಗೆ ರೈತನ ಮೇಲಿದ್ದ ಕಾಳಜಿ ನಿಜವಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಳ್ಳೆಯವನೊಬ್ಬನ ಅಳತೆಗೆ ಹೊಲಿದ ಹುದ್ದೆಯಲ್ಲಿ ಮುಂದೆ ಯಾರು ಯಾರೋ ಕೂತರು.

ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರು ತಾಲ್ಲೂಕಿನ ಕಂದಾಯವನ್ನೂ ಸಣ್ಣಪುಟ್ಟ ಅಪರಾಧಗಳನ್ನೂ ನೋಡುತ್ತಿದ್ದರು. 1862ರಲ್ಲಿ ಬ್ರಿಟಿಷರ ಕಮಿಷನರಾಗಿ ಬಂದ ಬೌರಿಂಗ್ ಕಾಲದಲ್ಲಿ ಜಿಲ್ಲೆಗಳಿಗೆ ಡೆಪ್ಯೂಟಿ ಕಮಿಷನರು ಬಂದರು. ಬೇರೆ ರಾಜ್ಯಗಳವರು ಕಲೆಕ್ಟರ್ ಎನ್ನುವವರನ್ನು ಕರ್ನಾಟಕ ಇಂದಿಗೂ ‘ಡೀಸಿ’ ಎನ್ನುವುದು ಈ ಕಾರಣಕ್ಕೆ. ಹಳೆಯ ಮದ್ರಾಸ್ ಪ್ರಾಂತ್ಯದ ಗುರುತಾಗಿ ಮಂಗಳೂರಿನಲ್ಲಿ ಕಲೆಕ್ಟರ್ಸ್ ಗೇಟ್ ಎಂಬ ಸ್ಥಳನಾಮ ಉಳಿದಿದೆ.

ಮ್ಯಾಜಿಸ್ಟ್ರೇಟನಿಗೆ ಕನ್ನಡ ಕೊಟ್ಟ ಹೆಸರು ದಂಡಾಧಿಕಾರಿ. ಇದು ಮಗಿಸ್ತೆರ್ ಪದದ ಅನುವಾದವಲ್ಲ. ಹೊಯ್ಸಳರ ಶಾಸನಗಳಲ್ಲಿ ದಂಡನಾಯಕ, ದಂಡಾಧೀಶ ಎಂದರೆ ಸೇನಾಪತಿ. ವಿಷ್ಣುವರ್ಧನನ ಗಂಗರಾಜ ಅಂಥ ದಂಡನಾಯಕ. ಸಂಸ್ಕೃತದಲ್ಲಿ ದಂಡ ಮೊದಲು ಕೋಲು, ಆಮೇಲೆ ಶಿಕ್ಷೆ, ಆಮೇಲೆ ಸೇನೆ. ಕನ್ನಡದಲ್ಲಿ ದಂಡು ಸೇನೆಯಾಗಿ, ದಂಡ ಜುಲ್ಮಾನೆಯಾಗಿ ನಿಂತಿತು. ಮೊಗಲರ ಫೌಜುದಾರನೂ ಫೌಜಿನ, ಅಂದರೆ ಸೇನೆಯ, ಮನುಷ್ಯ. ಅವನಿಂದಲೇ ಕ್ರಿಮಿನಲ್ ಮೊಕದ್ದಮೆಗೆ ‘ಫೌಜುದಾರಿ’ ಎಂಬ ಹೆಸರಾಯಿತು. ಇಂಗ್ಲಿಷಿನಿಂದ ಬಂದ ಪದ ‘ಮೇಲಿನವನು’ ಎಂದಷ್ಟೇ ಹೇಳಿದರೆ, ನಮ್ಮ ಪದ ಅವನ ಮುಂದೆ ನಡೆಯುತ್ತಿದ್ದ ಲಿಕ್ಟರನ ಬೆತ್ತದ ಕಟ್ಟನ್ನೇ ಹೆಸರಿಸಿತು. ಜನ ಆ ಹುದ್ದೆಯಲ್ಲಿ ಕಂಡದ್ದು ಯಾವುದನ್ನು ಎಂಬುದು ಇದರಿಂದ ತಿಳಿಯುತ್ತದೆ.

ನ್ಯಾಯ ಹೇಳುವವನನ್ನೂ ದಂಡಿಸುವವನನ್ನೂ ಬೇರೆ ಮಾಡುವ ವಿಷಯದಲ್ಲಿ ಕೌಟಿಲ್ಯ ಹೆಚ್ಚು ಸೂಕ್ಷ್ಮವಾಗಿ ಯೋಚಿಸಿದ್ದ. ಅವನ ಅರ್ಥಶಾಸ್ತ್ರದಲ್ಲಿ ಜನರ ನಡುವಿನ ವ್ಯಾಜ್ಯ ತೀರಿಸುವವನು ಧರ್ಮಸ್ಥ, ಸಮಾಜದ ಮುಳ್ಳುಗಳನ್ನು ತೆಗೆಯುವ ‘ಕಂಟಕಶೋಧನ’ದ ಅಧಿಕಾರಿ ಪ್ರದೇಷ್ಟೃ. ಇಬ್ಬರಿಗೂ ಬೇರೆ ಬೇರೆ ಅಧಿಕರಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆ ತಾಳೆಗರಿ ಗ್ರಂಥವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು, ಇಂಗ್ಲಿಷಿಗೆ ಅನುವಾದಿಸುವಾಗ ಪ್ರದೇಷ್ಟೃವನ್ನು ‘ಕಮಿಷನರ್’ ಎಂದರು. ಕಮಿಷನರರ ಆಡಳಿತ ಕಂಡ ಮೈಸೂರಿನ ವಿದ್ವಾಂಸರಿಗೆ ಆ ಪದ ಕೈಗೆ ಸಿಕ್ಕಿದ್ದು ಸಹಜ.

ಬ್ರಿಟಿಷರ ಕಾಲದ ಮ್ಯಾಜಿಸ್ಟ್ರೇಟ್ ಪದಕ್ಕೆ ಜನಾಂಗದ ಬಣ್ಣವೂ ಅಂಟಿತ್ತು. ಮುಫಸಿಲ್ ಪ್ರದೇಶದಲ್ಲಿ ಭಾರತೀಯ ಮ್ಯಾಜಿಸ್ಟ್ರೇಟ್ ಒಬ್ಬ ಯುರೋಪಿಯನ್ ಆರೋಪಿಯನ್ನು ವಿಚಾರಿಸುವಂತಿರಲಿಲ್ಲ. ಅದನ್ನು ಸರಿಪಡಿಸಲು 1883ರಲ್ಲಿ ಬಂದ ಇಲ್ಬರ್ಟ್ ಮಸೂದೆಯ ವಿರುದ್ಧ ಪ್ಲಾಂಟರುಗಳೂ ವ್ಯಾಪಾರಿಗಳೂ ಎಬ್ಬಿಸಿದ ಗದ್ದಲಕ್ಕೆ ಸರ್ಕಾರ ಬಗ್ಗಿತು. ಮರುವರ್ಷ ಬಂದ ಕಾನೂನಿನಲ್ಲಿ ಯುರೋಪಿಯನ್ ಆರೋಪಿ ಅರ್ಧದಷ್ಟು ತನ್ನವರೇ ಇರುವ ಜೂರಿಯನ್ನು ಕೇಳಬಹುದಾಯಿತು. ವಿದ್ಯಾವಂತ ಭಾರತೀಯರಿಗೆ ಇದು ಕಲಿಸಿದ ಪಾಠ ದೊಡ್ಡದು. 1886ರ ಕಲ್ಕತ್ತಾ ಅಧಿವೇಶನದಲ್ಲಿ ಕಾಂಗ್ರೆಸ್, ಆಡಳಿತ ಮತ್ತು ನ್ಯಾಯದ ಅಧಿಕಾರಗಳನ್ನು ಪೂರ್ತಿಯಾಗಿ ಬೇರ್ಪಡಿಸಬೇಕೆಂದು ಠರಾವು ಮಾಡಿತು. ಆಮೇಲೆ ವರ್ಷವರ್ಷವೂ ಅದೇ ಬೇಡಿಕೆ.

1917ರ ಏಪ್ರಿಲ್‌ನಲ್ಲಿ ಚಂಪಾರಣದ ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ನಿನ ಅಡಿಯಲ್ಲಿ ಗಾಂಧೀಜಿಗೆ ಜಿಲ್ಲೆ ಬಿಟ್ಟು ಹೋಗುವಂತೆ ಆದೇಶ ಕೊಟ್ಟ. ಗಾಂಧೀಜಿ ಹೋಗಲಿಲ್ಲ. 18ರಂದು ಮೋತಿಹಾರಿಯ ಕೋರ್ಟಿನಲ್ಲಿ ಅವರ ವಿಚಾರಣೆ ಮಾಡಿದವನು ಅದೇ ಆಡಳಿತದ ಇನ್ನೊಬ್ಬ ಮ್ಯಾಜಿಸ್ಟ್ರೇಟ್. ಹೊರಗೆ ನೀಲಿ ಬೆಳೆಯ ರೈತರು ಸಾವಿರಗಟ್ಟಲೆ ನೆರೆದಿದ್ದರು. ಗಾಂಧೀಜಿ ತಪ್ಪೊಪ್ಪಿಗೆ ಹೇಳಿ, ಆದೇಶ ಮೀರಿದ್ದು ಅಂತರಾತ್ಮದ ಕರೆಗೆ ಎಂದು ಹೇಳಿಕೆ ಓದಿಬಿಟ್ಟರು. ಸಾಕ್ಷಿ ಕೇಳುವ ಪ್ರಶ್ನೆಯೇ ಉಳಿಯಲಿಲ್ಲ. ಮ್ಯಾಜಿಸ್ಟ್ರೇಟ್ ತೀರ್ಪನ್ನು ಮುಂದಕ್ಕೆ ಹಾಕಿದ, ಜಾಮೀನು ಕೇಳಿದ. ಗಾಂಧೀಜಿ ಕೊಡಲಿಲ್ಲ, ಅವನು ಜಾಮೀನಿಲ್ಲದೆಯೇ ಅವರನ್ನು ಬಿಟ್ಟ. ಕೆಲವೇ ದಿನಗಳಲ್ಲಿ ಮೇಲಿನ ಸರ್ಕಾರ ಮೊಕದ್ದಮೆಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಆದೇಶ ಕೊಟ್ಟವರು, ವಿಚಾರಿಸಿದವರು, ಹಿಂತೆಗೆದವರು ಎಲ್ಲರೂ ಒಂದೇ ಸರಪಳಿಯ ಕೊಂಡಿಗಳು.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 24ರಂದು ಅಂಬೇಡ್ಕರ್ ಒಂದು ಹೊಸ ವಿಧಿ ಸೇರಿಸಲು ಸೂಚಿಸಿದರು. ಸಂವಿಧಾನ ಜಾರಿಯಾದ ಮೂರು ವರ್ಷಗಳೊಳಗೆ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕು ಎಂಬುದು ಅದರ ಸಾರ. ಮರುದಿನ ‘ಮೂರು ವರ್ಷ’ ಎಂಬ ಗಡುವನ್ನು ಕೈಬಿಟ್ಟರು. ಹಾಗೆ ಉಳಿದದ್ದು ಇಂದಿನ 50ನೇ ವಿಧಿ. ಗಡುವು ಹೋದದ್ದರ ಬೆಲೆಯನ್ನು ನಾವು ತೆತ್ತಿದ್ದೇವೆ ಎಂದೇ ನನ್ನ ಅಭಿಪ್ರಾಯ. ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ತಾವು ಹೆಜ್ಜೆ ಇಟ್ಟರೂ, ದೇಶಕ್ಕೆಲ್ಲ ಅನ್ವಯಿಸುವ ಬೇರ್ಪಡೆ ಬಂದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ. ಅದು 1974ರ ಏಪ್ರಿಲ್ 1ರಂದು ಜಾರಿಯಾಯಿತು. ಅಂದಿನಿಂದ ಪದ ಎರಡಾಗಿ ಸೀಳಿತು. ಹೈಕೋರ್ಟಿನ ಅಧೀನದಲ್ಲಿ ನ್ಯಾಯಿಕ ಮ್ಯಾಜಿಸ್ಟ್ರೇಟ್, ಸರ್ಕಾರದ ಅಧೀನದಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್.

ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಈ ಸೀಳನ್ನು ಕಣ್ಣಾರೆ ನೋಡಬಹುದು. ಕೋರ್ಟಿನ ಬೋರ್ಡಿನ ಮೇಲೆ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ ಎಂದಿರುತ್ತದೆ. ಜೆ.ಎಂ.ಎಫ್.ಸಿ. ಎಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್. ಇವರು ಮೂರು ವರ್ಷದವರೆಗೆ ಜೈಲು ವಿಧಿಸಬಲ್ಲರು. ತಾಲ್ಲೂಕು ಕಚೇರಿಯ ಬೋರ್ಡಿನ ಮೇಲೆ ‘ತಹಸೀಲ್ದಾರ್ ಹಾಗೂ ತಾಲ್ಲೂಕು ದಂಡಾಧಿಕಾರಿ’ ಎಂದಿರುತ್ತದೆ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿಗೆ ಸಹಿ ಹಾಕುವ ಅದೇ ಕೈಗೆ ಬೇರೆ ಕೆಲವು ಅಧಿಕಾರಗಳಿವೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಅನುಮಾನಾಸ್ಪದವಾಗಿ ಸತ್ತರೆ ಶವದ ಪಂಚನಾಮೆಗೆ ತಹಸೀಲ್ದಾರರು ಬರಬೇಕು. ಹಳ್ಳಿಯಲ್ಲಿ ತವರಿನವರು ‘ತಹಸೀಲ್ದಾರ್ ಸಾಹೇಬ್ರು ಬರೋವರೆಗೂ ಯಾರೂ ಮುಟ್ಟಬೇಡಿ’ ಎಂದು ಕಾಯುತ್ತಾ ಕೂರುವುದು ಈ ಹುದ್ದೆಯ ಮೇಲಿನ ನಂಬಿಕೆಯಿಂದ. ಅದೇ ಪೊಲೀಸ್ ವಶದಲ್ಲಿ ಸಾವಾದರೆ ವಿಚಾರಣೆ ನ್ಯಾಯಿಕ ಮ್ಯಾಜಿಸ್ಟ್ರೇಟರದು. 2005ರ ತಿದ್ದುಪಡಿ ಈ ಬದಲಾವಣೆ ತಂದಿತು, ಮತ್ತು ಸರಿಯಾಗಿಯೇ ತಂದಿತು.

ತಾಲ್ಲೂಕು ಕಚೇರಿಯಲ್ಲಿ ಗಣೇಶ ಹಬ್ಬಕ್ಕೋ ಚುನಾವಣೆಗೋ ಮುಂಚೆ ಇನ್ನೊಂದು ದೃಶ್ಯ ಕಾಣುತ್ತದೆ. ಪೊಲೀಸರು ವರದಿ ಕೊಟ್ಟ ಹತ್ತಾರು ಜನರನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಕೆಲವರ ಹೆಸರು ರೌಡಿ ಪಟ್ಟಿಯಲ್ಲಿದೆ, ಕೆಲವರು ಯಾವುದೋ ಹಳೆಯ ಜಗಳದಲ್ಲಿ ಹೆಸರು ಬಂದವರು. ಒಬ್ಬೊಬ್ಬರನ್ನೇ ಕರೆದು ‘ಶಾಂತಿ ಕದಡುವುದಿಲ್ಲ’ ಎಂಬ ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದಕ್ಕೆ ಆಧಾರ ಹಳೆಯ ಸಂಹಿತೆಯ 107ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126. ಮುಚ್ಚಳಿಕೆ ಎಂಬ ಪದ ತುರ್ಕಿ ಮೂಲದ್ದೆಂದು ನಿಘಂಟುಕಾರರು ಹೇಳುತ್ತಾರೆ. ಅದರೊಳಗಿನ ವಿಚಾರ 1361ರ ಇಂಗ್ಲಿಷ್ ಕಾಯ್ದೆಯ ವಿಚಾರವೇ. ಇನ್ನೂ ಅಪರಾಧ ನಡೆದಿಲ್ಲ, ಆದರೂ ನಡೆಯದಂತೆ ಬರೆದುಕೊಡು. ಮುಚ್ಚಳಿಕೆ ಬರೆದುಕೊಡದಿದ್ದರೆ ಅಥವಾ ಮುರಿದರೆ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಜೈಲಿಗೂ ಕಳಿಸಬಲ್ಲರು. ಕೋರ್ಟಿನವರಲ್ಲದ, ವರ್ಗಾವಣೆ ಸರ್ಕಾರದ ಕೈಯಲ್ಲಿರುವ ಅಧಿಕಾರಿಯ ಆದೇಶದಿಂದ ಮನುಷ್ಯನೊಬ್ಬ ಸೆರೆಗೆ ಹೋಗಬಹುದು ಎಂಬುದನ್ನು ಬಹಳ ಜನ ಗಮನಿಸಿಲ್ಲ. 1970ರಲ್ಲಿ ಮಧು ಲಿಮಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಬದ್ಧ ಎಂದಿತು. ಎಚ್ಚರದಿಂದ ಬಳಸಬೇಕೆಂದೂ ಹೇಳಿತು.

ನಗರಗಳಲ್ಲಿ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬೆಂಗಳೂರಿನಂಥ ಕಮಿಷನರೇಟ್‌ಗಳಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಅಧಿಕಾರವನ್ನು ಪೊಲೀಸ್ ಕಮಿಷನರಿಗೇ ಕೊಟ್ಟಿದ್ದಾರೆ. 2019ರ ಡಿಸೆಂಬರ್ 18ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳಿಗೆ ಮುಂಚೆ ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಜಾರಿ ಮಾಡಿದ್ದು ಹೀಗೆಯೇ. ಆ ಆದೇಶವನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಹೈಕೋರ್ಟ್ ಪೀಠ 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟು ಆದೇಶ ಕಾನೂನುಬಾಹಿರ ಎಂದಿತು. ಕೈಕೆಳಗಿನ ಅಧಿಕಾರಿಗಳ ವರದಿಯನ್ನು ಎತ್ತಿ ಬರೆದರೆ ಸಾಲದು, ಮ್ಯಾಜಿಸ್ಟ್ರೇಟ್ ಆದವರು ತಾವೇ ಮನಸ್ಸು ಹಚ್ಚಿ ಅಭಿಪ್ರಾಯಕ್ಕೆ ಬರಬೇಕು ಎಂಬುದು ಅದರ ತಿರುಳು. ಪೊಲೀಸರ ವರದಿಯನ್ನು ಪೊಲೀಸರ ಮುಖ್ಯಸ್ಥರೇ ಮ್ಯಾಜಿಸ್ಟ್ರೇಟರಾಗಿ ತೂಗಬೇಕಾದಲ್ಲಿ ಈ ಸ್ವತಂತ್ರ ಯೋಚನೆ ಎಷ್ಟು ಕಷ್ಟ ಎಂಬುದನ್ನು ಆ ಪ್ರಕರಣ ತೋರಿಸಿತು. ತನ್ನ ಕಾನ್ಸಲನನ್ನು ತಡೆಯಲು ಸಮಾನ ಅಧಿಕಾರದ ಇನ್ನೊಬ್ಬನನ್ನು ಪಕ್ಕದಲ್ಲೇ ಕೂರಿಸಿದ್ದ ರೋಮಿನ ವಿವೇಕ ನಮಗೆ ಇಲ್ಲಿ ಇನ್ನೂ ಬಂದಿಲ್ಲ.

ಜಿಲ್ಲಾಧಿಕಾರಿಗೆ ತುರ್ತಿನಲ್ಲಿ ಗುಂಪು ಚದುರಿಸುವ ಅಧಿಕಾರ ಇರಬೇಕು, ಪ್ರವಾಹ ಬಂದಾಗ, ಗಲಭೆಯಾದಾಗ ಕೋರ್ಟಿಗೆ ಹೋಗಿ ಕಾಯಲಾಗದು. ಅದನ್ನು ನಾನು ಒಪ್ಪುತ್ತೇನೆ. ಆದರೆ ಮುಚ್ಚಳಿಕೆ ಮುರಿದದ್ದಕ್ಕೆ ಸೆರೆಗೆ ಕಳಿಸುವುದು ತುರ್ತಿನ ಕೆಲಸವಲ್ಲ, ಅದು ಶಿಕ್ಷೆ. ಅದು ಕೋರ್ಟಿನ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಹೊಸ ಸಂಹಿತೆ ಮಹಾನಗರ ಮ್ಯಾಜಿಸ್ಟ್ರೇಟ್ ಎಂಬ ಪ್ರತ್ಯೇಕ ವರ್ಗವನ್ನು ತೆಗೆದು ನ್ಯಾಯಿಕ ಮ್ಯಾಜಿಸ್ಟ್ರೇಟರ ಹೆಸರುಗಳನ್ನು ಸರಳಗೊಳಿಸಿತು. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಈ ಅಧಿಕಾರಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಸಿಕ್ಕಿದ್ದ ಅವಕಾಶ ತಪ್ಪಿತು.

ಅದು ಬದಲಾಗುವವರೆಗೆ ಪತ್ರಿಕೆಯವರಲ್ಲಿ ಒಂದು ವಿನಂತಿ. ‘ಮ್ಯಾಜಿಸ್ಟ್ರೇಟ್ ಆದೇಶ’ ಎಂದು ಬರೆಯುವಾಗ ಯಾವ ಮ್ಯಾಜಿಸ್ಟ್ರೇಟ್ ಎಂದು ಬರೆಯಿರಿ. ತಹಸೀಲ್ದಾರರೋ, ಉಪವಿಭಾಗಾಧಿಕಾರಿಯೋ, ಪೊಲೀಸ್ ಕಮಿಷನರೋ, ಕೋರ್ಟಿನ ನ್ಯಾಯಾಧೀಶರೋ ಎಂಬುದು ಓದುಗನಿಗೆ ತಿಳಿಯಬೇಕು. ಓದುಗರಿಗೂ ಒಂದು ಮಾತು. ನಿಮ್ಮ ಮನೆಯವರಿಗೆ ನೋಟಿಸ್ ಬಂದರೆ ಅದರ ಮೇಲಿನ ಮೊಹರನ್ನು ಮೊದಲು ಓದಿ, ಕಂದಾಯ ಇಲಾಖೆಯದೋ ನ್ಯಾಯಾಲಯದ್ದೋ ನೋಡಿ. ಯಾರನ್ನಾದರೂ ಬಂಧಿಸಿದರೆ, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಭಾನುವಾರವಾಗಲಿ, ರಾತ್ರಿಯಾಗಲಿ, ಕೋರ್ಟು ಮುಚ್ಚಿದ್ದರೆ ಪೊಲೀಸರು ನ್ಯಾಯಾಧೀಶರ ಮನೆಗೇ ಕರೆದೊಯ್ಯಬೇಕಾಗುತ್ತದೆ. ನಿಮಗೆ ಪೆಟ್ಟು ಬಿದ್ದಿದ್ದರೆ ಅಲ್ಲಿ ಹೇಳಿ, ವಕೀಲರು ಬೇಕಿದ್ದರೆ ಕೇಳಿ. ಅದನ್ನು ಬರೆದುಕೊಳ್ಳುವುದು ಅವರ ಕರ್ತವ್ಯ.